ಆಜ್ಞೆ ಮಾಡಿದವರು, ಕೇಳಿದವರು

ಪರೀಕ್ಷೆಯ ದಿನಗಳು ಸಮೀಪಿಸಿದಂತೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಲ್ಲಿ ಓದುವ ಮಕ್ಕಳ ಕೋಣೆಯ ದೀಪ ಬಹಳ ಹೊತ್ತು ಆರುವುದಿಲ್ಲ. ಮಗ್ಗದ ಸದ್ದು ನಿಂತ ಮೇಲೆಯೂ ಕಂಠಪಾಠದ ಸದ್ದು ನಿಲ್ಲುವುದಿಲ್ಲ. ರಾಜ್ಯಶಾಸ್ತ್ರವನ್ನು ಓದುತ್ತಿರುವ ವಿದ್ಯಾರ್ಥಿಯೊಬ್ಬನನ್ನು ಕೇಳಿ ನೋಡಿರಿ. ಬಲ, ಅಧಿಕಾರ, ನ್ಯಾಯಸಮ್ಮತತೆ ಎಂಬ ಮೂರರ ಲಕ್ಷಣಗಳನ್ನೂ ಉಸಿರು ಬಿಡದೆ ಒಪ್ಪಿಸುತ್ತಾನೆ. ಜನರು ಆಳುವವರ ಮಾತನ್ನು ಸಂಪ್ರದಾಯದಿಂದಲೋ, ವ್ಯಕ್ತಿಯ ವರ್ಚಸ್ಸಿನಿಂದಲೋ, ಕಾನೂನಿನ ಮೇಲಣ ನಂಬಿಕೆಯಿಂದಲೋ ಒಪ್ಪುತ್ತಾರೆಂದು ಜರ್ಮನಿಯ ಮ್ಯಾಕ್ಸ್ ವೇಬರ್ ಹೇಳಿದುದೂ ಅವನಿಗೆ ಬಾಯಿಗೆ ಬಂದಿದೆ. “ಇದನ್ನೆಲ್ಲ ನಿನ್ನ ಸೀಮೆಯಲ್ಲಿ ಎಲ್ಲಿ ಕಂಡೆ?” ಎಂದರೆ ಮಾತ್ರ ಅವನು ಮೌನಿಯಾಗುತ್ತಾನೆ.

ಈ ಮೌನದ ಬೆಲೆ ಸಣ್ಣದಲ್ಲ. ಕೇಂದ್ರ ಲೋಕಸೇವಾ ಆಯೋಗದ ಮುಖ್ಯ ಪರೀಕ್ಷೆಯಲ್ಲಿ ಪ್ರಬಂಧದ ಪತ್ರಿಕೆಯೊಂದಕ್ಕೇ 250 ಅಂಕಗಳು, ಮೂರು ಗಂಟೆಗಳಲ್ಲಿ ಎರಡು ಪ್ರಬಂಧಗಳನ್ನು ಬರೆಯಬೇಕು, ಕನ್ನಡದಲ್ಲಿಯೂ ಬರೆಯಬಹುದು. ಎಲ್ಲರೂ ಒಂದೇ ಕೈಪಿಡಿಯ ಲಕ್ಷಣಗಳನ್ನು ಬರೆದಲ್ಲಿ ಪರೀಕ್ಷಕನಿಗೆ ಯಾರ ಬುದ್ಧಿಯೂ ಕಾಣುವುದಿಲ್ಲ, ನೆನಪಿನ ಶಕ್ತಿಯೊಂದೇ ಕಾಣುತ್ತದೆ.

ಕನ್ನಡದಲ್ಲಿ ಬರೆಯುವವನಿಗೆ ಇನ್ನೊಂದು ತೊಡಕುಂಟು. ನಮ್ಮ ‘ಅಧಿಕಾರ’ ಎಂಬ ಒಂದೇ ಮಾತು ಎರಡು ಕೆಲಸ ಮಾಡುತ್ತದೆ. “ಅವರು ಅಧಿಕಾರ ಹಿಡಿದರು” ಎಂದಾಗ ನಾವು ಬಲದ ಮಾತನ್ನಾಡುತ್ತೇವೆ. “ನನ್ನನ್ನು ಕೇಳಲು ನಿನಗೇನು ಅಧಿಕಾರ?” ಎಂದಾಗ ಹಕ್ಕಿನ ಮಾತನ್ನಾಡುತ್ತೇವೆ. ಈ ಎರಡನ್ನೂ ಬೇರ್ಪಡಿಸದೆ ಬರೆದ ಪ್ರಬಂಧ ಮೊದಲ ಪುಟದಲ್ಲಿಯೇ ದಾರಿ ತಪ್ಪುತ್ತದೆ. ಒಲ್ಲೆನೆನ್ನುವವನಿಂದಲೂ ಮಾಡಿಸಿಕೊಳ್ಳುವ ಶಕ್ತಿ ಬಲ. ಆಜ್ಞೆ ಮಾಡಲು ಇರುವ ಒಪ್ಪಿತ ಹಕ್ಕು ಅಧಿಕಾರ. ಆ ಹಕ್ಕು ಸರಿಯಾದುದೆಂದು ಆಜ್ಞೆ ಕೇಳುವವನ ಮನಸ್ಸಿನಲ್ಲಿರುವ ನಂಬಿಕೆಯೇ ನ್ಯಾಯಸಮ್ಮತತೆ. ಆದುದರಿಂದ ಆಜ್ಞೆ ಮಾಡಿದವನನ್ನು ನೋಡಿದರೆ ಸಾಲದು, ಕೇಳಿದವನನ್ನೂ ನೋಡಬೇಕು. ಅವನು ಏಕೆ ಕೇಳಿದ? ಯಾವಾಗ ಕೇಳುವುದನ್ನು ಬಿಟ್ಟ?

ಈ ಪ್ರಶ್ನೆಗಳನ್ನು ಹಿಡಿದು ನಮ್ಮ ಸೀಮೆಯನ್ನೇ ಒಮ್ಮೆ ಸುತ್ತಿ ಬರೋಣ. ಬ್ರಿಟಿಷರ ಕಾಲದಲ್ಲಿ ಮುಧೋಳವು ಘೋರ್ಪಡೆಯವರ ಸಂಸ್ಥಾನ, ಜಮಖಂಡಿ ಪಟವರ್ಧನರದು. ಬೀಳಗಿಯು ಬ್ರಿಟಿಷರ ನೇರ ಆಳ್ವಿಕೆಯ ವಿಜಾಪುರ ಜಿಲ್ಲೆಗೆ ಸೇರಿತ್ತು. ಇಂದು ಒಂದೇ ಹೆಸರಿನಲ್ಲಿ ಜೋಡಿಯಾಗಿರುವ ನೇಕಾರರ ಊರುಗಳಲ್ಲಿ ಬನಹಟ್ಟಿ ಜಮಖಂಡಿಗೆ ಸೇರಿದ್ದರೆ, ರಬಕವಿ ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು. ಒಂದೇ ಕಸುಬು, ಒಂದೇ ನುಡಿ. ಆದರೆ ಆಜ್ಞೆ ಮಾಡುವವರು ಬೇರೆ ಬೇರೆ. ತಾತ ಮುತ್ತಾತಂದಿರ ಕಾಲದಿಂದ ಹೀಗೆಯೇ ನಡೆದು ಬಂದಿತೆಂಬುದೇ ಆ ದೊರೆಗಳ ದೊಡ್ಡ ಆಸರೆಯಾಗಿತ್ತು. ವೇಬರ್ ಹೇಳಿದ ಸಂಪ್ರದಾಯದ ಅಧಿಕಾರ ಇದೇ.

ಆ ಆಸರೆಯೂ ಮುರಿಯಬಲ್ಲುದು. 1857ರಲ್ಲಿ ಪ್ರಜೆಗಳು ಆಯುಧಗಳನ್ನು ಒಪ್ಪಿಸಬೇಕೆಂಬ ಕಂಪನಿ ಸರಕಾರದ ಆಜ್ಞೆ ಮುಧೋಳ ಸಂಸ್ಥಾನದ ಹಲಗಲಿಗೂ ಬಂದಿತು. ಅಲ್ಲಿಯ ಬೇಡರಿಗೆ ಆಯುಧವೆಂದರೆ ಅನ್ನವೂ ಹೌದು, ಮಾನವೂ ಹೌದು. ಅವರು ಒಪ್ಪಲಿಲ್ಲ. ನವೆಂಬರ್ ತಿಂಗಳ ಕೊನೆಗೆ ಬ್ರಿಟಿಷ್ ದಂಡು ಬಂದಿತು. ಊರಿಗೆ ಬೆಂಕಿ ಬಿದ್ದಿತು. ಸೆರೆ ಸಿಕ್ಕವರಲ್ಲಿ 19 ಮಂದಿಯನ್ನು ಗಲ್ಲಿಗೇರಿಸಿದರು. ಬಲ ಗೆದ್ದಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಒಂದು ಆಜ್ಞೆಯನ್ನು ನಡೆಯಿಸಲು ಊರನ್ನೇ ಸುಡಬೇಕಾಯಿತೆಂದರೆ, ಕೇಳುವವರ ಮನಸ್ಸಿನಲ್ಲಿ ಆ ಆಜ್ಞೆಗೆ ನೆಲೆಯಿರಲಿಲ್ಲವೆಂದೇ ಅರ್ಥ. ದಂಡಿನ ಮುಂದಾಳುಗಳ ಹೆಸರು ಇಂದು ಎಷ್ಟು ಜನಕ್ಕೆ ಗೊತ್ತು? ಹಲಗಲಿಯ ಬೇಡರನ್ನು ಮಾತ್ರ ಲಾವಣಿ ಉಳಿಸಿಕೊಂಡಿದೆ.

1948ರ ಮಾರ್ಚ್ 8ರಂದು ಜಮಖಂಡಿ, ಮುಧೋಳ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡವು. ತಲೆಮಾರುಗಳಿಂದ ನಡೆದು ಬಂದ ದೊರೆತನ ಸಹಿಯೊಂದರಿಂದ ಮುಗಿಯಿತು. ಆಗ ಜಮಖಂಡಿಯ ಮುಖ್ಯಮಂತ್ರಿಯಾಗಿದ್ದವರು ಅದೇ ತಾಲೂಕಿನ ಸಾವಳಗಿಯಲ್ಲಿ ಹುಟ್ಟಿದ ಬಿ. ಡಿ. ಜತ್ತಿಯವರು. ಸಂಸ್ಥಾನವೇ ಇಲ್ಲವಾದ ಮೇಲೆ ಅವರು ಮತ್ತೆ ವಕೀಲಿ ವೃತ್ತಿಗೆ ಮರಳಿದರು. ಮನುಷ್ಯ ಅದೇ, ಬುದ್ಧಿ ಅದೇ. ಪದವಿ ಹೋದೊಡನೆ ಆಜ್ಞೆ ಮಾಡುವ ಹಕ್ಕೂ ಹೋಯಿತು. ಕಾನೂನಿನ ಅಧಿಕಾರವು ವ್ಯಕ್ತಿಗೆ ಸೇರಿದ್ದಲ್ಲ, ಸ್ಥಾನಕ್ಕೆ ಸೇರಿದ್ದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ಯಾವ ಕೈಪಿಡಿ ಕೊಟ್ಟೀತು?

ಅದೇ ಜತ್ತಿಯವರು 1958ರಿಂದ 1962ರವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿದ್ದರು; 1974ರಲ್ಲಿ ಉಪರಾಷ್ಟ್ರಪತಿಯಾದರು; 1977ರ ಫೆಬ್ರವರಿಯಲ್ಲಿ ಫಕ್ರುದ್ದೀನ್ ಅಲಿ ಅಹಮದರು ತೀರಿಕೊಂಡಾಗ ಹಂಗಾಮಿ ರಾಷ್ಟ್ರಪತಿಯಾದರು. ಲೋಕಸಭೆಯ ಚುನಾವಣೆಯಲ್ಲಿ ಗೆದ್ದ ಜನತಾ ಸರಕಾರವು ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸಲು ಸಲಹೆ ಮಾಡಿತು. ಅವರು ಕೂಡಲೇ ಸಹಿ ಹಾಕದೆ ಯೋಚಿಸಿದರು. ಕಡೆಗೆ ಏಪ್ರಿಲ್ 30ರಂದು ಸಹಿ ಬಿದ್ದಿತು. ಮಂತ್ರಿಮಂಡಲದ ಸಲಹೆಗೆ ರಾಷ್ಟ್ರಪತಿ ಬದ್ಧರೆಂದು 1976ರ 42ನೆಯ ತಿದ್ದುಪಡಿ ಸ್ಪಷ್ಟಪಡಿಸಿತ್ತು. ಆ ಸಲಹೆಯನ್ನು ಒಮ್ಮೆ ಮರುಪರಿಶೀಲನೆಗೆ ಕಳುಹಿಸುವ ಅವಕಾಶ ಬಂದುದು 1978ರ 44ನೆಯ ತಿದ್ದುಪಡಿಯಿಂದ.

ಇಲ್ಲಿ ಒಂದು ಇಡೀ ಪ್ರಬಂಧಕ್ಕೆ ಸಾಲುವಷ್ಟು ಸಾಮಗ್ರಿಯಿದೆ. ಆ ವಿಧಾನಸಭೆಗಳಿಗೆ ಕಾನೂನಿನ ಅಧಿಕಾರವಿತ್ತು, ಅವಧಿಯೂ ಉಳಿದಿತ್ತು. ಆದರೆ ಜನರ ನಂಬಿಕೆ ಉಳಿದಿರಲಿಲ್ಲವೆಂಬುದು ಕೇಂದ್ರದ ವಾದ. ಆ ನಂಬಿಕೆಯನ್ನು ಅಳೆಯುವ ಹಕ್ಕು ಕೇಂದ್ರಕ್ಕೆ ಎಲ್ಲಿಂದ ಬಂದಿತೆಂಬುದು ಎದುರು ವಾದ. ವಿದ್ಯಾರ್ಥಿ ಯಾವ ಪಕ್ಷವನ್ನಾದರೂ ಹಿಡಿಯಲಿ. ಎರಡನ್ನೂ ತೂಗಿದ ಮೇಲೆ ಹಿಡಿಯಲಿ.

ಬರೆಯುವ ಕ್ರಮವೂ ಕಠಿಣವಲ್ಲ. ಲಕ್ಷಣಗಳಿಗೆ ಒಂದು ಕಂಡಿಕೆ ಸಾಕು. ಬಳಿಕ ಒಂದು ನಿಜವಾದ ಪ್ರಸಂಗ: ಯಾರು ಆಜ್ಞೆ ಮಾಡಿದರು, ಯಾವ ಹಕ್ಕಿನಿಂದ ಮಾಡಿದರು, ಕೇಳಿದವರು ಏಕೆ ಕೇಳಿದರು, ಒಲ್ಲದವರಿಗೆ ಏನಾಯಿತು? ಆಮೇಲೆ ವೇಬರನ ಮಾತು ಅಲ್ಲಿ ಎಷ್ಟು ಹೊಂದುತ್ತದೆ, ಎಲ್ಲಿ ಹೊಂದದೆಂಬ ವಿವೇಚನೆ. ಹೊಂದದ ಎಡೆಯನ್ನು ಮುಚ್ಚಿಡದೆ ತೋರಿಸುವವನೇ ನಿಜವಾಗಿ ಓದಿದವನು.

ಇಂದು ಈ ಕೋಣೆಗಳಲ್ಲಿ ಓದುತ್ತಿರುವವರಲ್ಲಿ ಕೆಲವರು ನಾಳೆ ತಹಶೀಲ್ದಾರರೋ ಜಿಲ್ಲಾಧಿಕಾರಿಗಳೋ ಆಗುವರು. ಆಗ ಆಜ್ಞೆ ಮಾಡುವ ಸರದಿ ಅವರದು. ಹಲಗಲಿಯನ್ನು ಪ್ರಬಂಧದಲ್ಲಿ ಬರೆದವನು, ಎದುರಿಗೆ ಅರ್ಜಿ ಹಿಡಿದು ನಿಂತ ಮನುಷ್ಯನ ಮುಖವನ್ನೊಮ್ಮೆ ನೋಡಿ ಸಹಿ ಹಾಕಿದರೆ, ಅವನು ಪಡೆದ ಅಂಕಗಳು ಸಾರ್ಥಕವಾದವು.