ಕೊಳ್ಳುವ ಮುನ್ನ ಪರೀಕ್ಷೆ

ನೋಡಿ, ಕೇಳಿ, ವಿಚಾರಿಸಿ ಕೊಳ್ಳುವುದು ನಮ್ಮ ಜನರಲ್ಲಿ ಹಿಂದಿನಿಂದ ಬಂದ ವಿವೇಕ. ಮಂಡ್ಯದ ಬೆಲ್ಲದ ಮಂಡಿಯಲ್ಲಿ ವರ್ತಕನು ಬೆಲ್ಲವನ್ನು ಒಡೆದು ಬಣ್ಣ ನೋಡುತ್ತಾನೆ, ಚೂರೊಂದನ್ನು ಬಾಯಿಗೆ ಹಾಕಿಕೊಳ್ಳುತ್ತಾನೆ. ಮಳವಳ್ಳಿಯ ಕಡೆಯ ರೈತನು ಎತ್ತು ಕೊಳ್ಳುವಾಗ ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಇದನ್ನು ತಪ್ಪೆನ್ನುವವರಿಲ್ಲ. ಹಾಗಿರಲು, ಸಾವಿರಾರು ರೂಪಾಯಿ ಬೆಲೆಯ ಸಾಫ್ಟ್‌ವೇರ್ ಒಂದನ್ನು ಕೊಳ್ಳುವ ಮುನ್ನ ಅದರ ಕಳ್ಳಪ್ರತಿಯನ್ನು ಕಂಪ್ಯೂಟರಿಗೆ ಹಾಕಿಕೊಂಡು ಪರೀಕ್ಷಿಸುವುದು ಮಾತ್ರ ಹೇಗೆ ತಪ್ಪು? ಈ ಪ್ರಶ್ನೆಯನ್ನು ವಿಚಾರ ಮಾಡುವುದೇ ಈ ಪುಟ್ಟ ಲೇಖನದ ಉದ್ದೇಶ.

ಪರೀಕ್ಷೆಯ ಅಗತ್ಯ ನಿಜವಾದುದೆಂಬುದನ್ನು ಮೊದಲು ಒಪ್ಪಬೇಕು. ಮದ್ದೂರಿನಲ್ಲಿ ಲಗ್ನಪತ್ರಿಕೆ, ಕರಪತ್ರಗಳನ್ನು ಅಚ್ಚುಹಾಕುವ ನನ್ನ ಪರಿಚಿತರೊಬ್ಬರು ತಮ್ಮ ಕಷ್ಟವನ್ನು ಹೀಗೆ ವಿವರಿಸಿದರು. ಹಿಂದಿನ ಕನ್ನಡ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಅಕ್ಷರಭಾಗಗಳನ್ನು ಕೂಡಿಸಲಾಗಿತ್ತು. 1991ರಲ್ಲಿ ಪ್ರಕಟವಾದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ತನ್ನದೇ ಆದ ಸ್ಥಾನ ದೊರೆಯಿತು. ಆದರೆ ಯೂನಿಕೋಡಿನಲ್ಲಿ ಒತ್ತಕ್ಷರ, ಅರ್ಕಾವತ್ತುಗಳನ್ನು ಸರಿಯಾಗಿ ಜೋಡಿಸುವ ಹೊಣೆ ಫಾಂಟಿನ ಜೊತೆಗೆ ಸಾಫ್ಟ್‌ವೇರಿನ ಮೇಲೂ ಬೀಳುತ್ತದೆ. ಒಂದರಲ್ಲಿ ಸರಿಯಾಗಿ ಬಂದ ಅಕ್ಷರ ಇನ್ನೊಂದರಲ್ಲಿ ಒಡೆದು ಕಾಣುವುದುಂಟು. ಜಾಹೀರಾತನ್ನು ಓದಿ ಇದನ್ನು ತಿಳಿಯಲಾಗದು. “ಕೈಯಿಂದ ಹಣ ಹೋದಮೇಲೆ ಗೊತ್ತಾದರೆ ಏನು ಮಾಡಲಿ?” ಎಂದು ಅವರು ಕೇಳಿದರು. ಈ ಮಾತಿನಲ್ಲಿ ನ್ಯಾಯವಿದೆ.

ಅವರದು ಇನ್ನೂ ಒಂದು ವಾದ: “ಎತ್ತನ್ನು ಹೊಡೆದುಕೊಂಡು ಹೋದರೆ ಒಡೆಯನ ಕೊಟ್ಟಿಗೆ ಬರಿದಾಗುತ್ತದೆ. ಪ್ರತಿ ಮಾಡಿಕೊಂಡರೆ ಯಾರಿಗೆ ಏನು ಕಡಿಮೆಯಾಯಿತು?” ಇದೂ ತಳ್ಳಿಹಾಕುವ ಮಾತಲ್ಲ. ಆದರೆ ಮಂಡಿಯ ಪರೀಕ್ಷೆಗೂ ಕಳ್ಳಪ್ರತಿಯ ಪರೀಕ್ಷೆಗೂ ಮೂರು ಅಂತರಗಳಿವೆ.

ಮೊದಲನೆಯದು ಅನುಮತಿ. ಬೆಲ್ಲದ ಚೂರನ್ನು ರುಚಿ ನೋಡಲು ಒಡೆಯನೇ ಒಪ್ಪಿರುತ್ತಾನೆ. ಎರಡನೆಯದು ಪರೀಕ್ಷೆಯ ಅವಧಿ. ಎತ್ತು ನಾಲ್ಕು ಹೆಜ್ಜೆ ನಡೆದು ಒಡೆಯನ ಬಳಿಗೆ ಹಿಂದಿರುಗುತ್ತದೆ. ಕಳ್ಳಪ್ರತಿಯನ್ನು ಹಿಂದಕ್ಕೆ ಕೇಳುವವರೇ ಇಲ್ಲ. ಒಂದು ವಾರದ ಪರೀಕ್ಷೆ ವರ್ಷವಾಗುತ್ತದೆ. ಕೊಳ್ಳಬೇಕೆಂಬ ಸಂಕಲ್ಪ ಸಂಕಲ್ಪವಾಗಿಯೇ ಉಳಿಯುತ್ತದೆ. ಮೂರನೆಯದು, ಕಳ್ಳಪ್ರತಿಯು ಅಸಲು ಸರಕೇ ಅಲ್ಲ. ಅದರ ಬೀಗ ಮುರಿಯಲು ಯಾರೋ ಅದನ್ನು ತಿದ್ದಿರುತ್ತಾರೆ. ಅನೇಕ ವೇಳೆ ವೈರಸ್ಸನ್ನೂ ಸೇರಿಸಿರುತ್ತಾರೆ. ಕಂಪನಿಯ ಪರಿಷ್ಕಾರಗಳು ಅದಕ್ಕೆ ಸರಿಯಾಗಿ ದೊರೆಯುವುದಿಲ್ಲ. ಅದು ಕೆಟ್ಟರೆ ಅಸಲು ಕೆಟ್ಟದ್ದೆಂದಾಗಲಿ, ನಡೆದರೆ ಅಸಲು ಒಳ್ಳೆಯದೆಂದಾಗಲಿ ಹೇಳುವಂತಿಲ್ಲ. ಹೀಗಾಗಿ ಅದು ಪರೀಕ್ಷೆಯಾಗಿಯೂ ನಿಲ್ಲುವುದಿಲ್ಲ.

ಕಾನೂನು ಏನು ಹೇಳುತ್ತದೆ ಎಂಬುದನ್ನೂ ತಿಳಿಯಬೇಕು. 1957ರ ಕೃತಿಸ್ವಾಮ್ಯ ಕಾಯಿದೆಗೆ 1994ರ ತಿದ್ದುಪಡಿಯಿಂದ ಸೇರಿದ 63-ಬಿ ಕಲಮಿನಂತೆ, ಕಳ್ಳಪ್ರತಿಯೆಂದು ತಿಳಿದೂ ಕಂಪ್ಯೂಟರಿನಲ್ಲಿ ಬಳಸುವವನಿಗೆ 7 ದಿನಗಳಿಗೆ ಕಡಿಮೆಯಿಲ್ಲದ, 3 ವರ್ಷಗಳವರೆಗಿನ ಸೆರೆವಾಸ ಮತ್ತು 50,000 ರೂ.ಗಳಿಂದ 2 ಲಕ್ಷ ರೂ.ಗಳವರೆಗಿನ ದಂಡವುಂಟು. ಲಾಭಕ್ಕಾಗಿ ಅಥವಾ ವ್ಯಾಪಾರದಲ್ಲಿ ಬಳಸದಿದ್ದರೆ ನ್ಯಾಯಾಲಯವು ಸೆರೆವಾಸವನ್ನು ಬಿಟ್ಟು 50,000 ರೂ.ಗಳವರೆಗಿನ ದಂಡವನ್ನಷ್ಟೇ ವಿಧಿಸಬಹುದು. ಲಾಭಕ್ಕೆ ಬಳಸುವವನಿಗೂ ಇತರರಿಗೂ ಕಾನೂನು ಭೇದವೆಣಿಸಿದೆಯೇ ಹೊರತು, ಪರೀಕ್ಷೆಗೆಂದು ಕಳ್ಳಪ್ರತಿ ಇಟ್ಟುಕೊಳ್ಳಲು ಅಪ್ಪಣೆ ಕೊಟ್ಟಿಲ್ಲ.

ಕನ್ನಡಿಗರಾದ ನಾವು ಇನ್ನೊಂದು ವಿಷಯವನ್ನು ನೆನೆಯಬೇಕು. ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ ‘ಬರಹ’ ಬಹುಕಾಲ ಉಚಿತವಾಗಿ ದೊರೆಯಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯೂ ಹಣವಿಲ್ಲದೆ ಜನರ ಕೈಸೇರಿತು. ಇವು ಮಾಡಿದವರು ಮನಸಾರೆ ಕೊಟ್ಟ ಕೊಡುಗೆಗಳು. ಒಬ್ಬರು ದಾನ ಕೊಟ್ಟರೆಂದು ಮತ್ತೊಬ್ಬರ ದುಡಿಮೆಯೂ ದಾನವೆಂದು ಭಾವಿಸುವುದು ಕೊಟ್ಟವರಿಗೂ ಅಪಚಾರ, ಕೊಡದವರಿಗೂ ಅನ್ಯಾಯ.

ಹಾಗಾದರೆ ಬಡ ಮುದ್ರಕನಿಗೆ ದಾರಿಯೇನು? ನಾನು ಆ ಪರಿಚಿತರಿಗೆ ಹೇಳಿದ್ದಿಷ್ಟು: ಒತ್ತಕ್ಷರಗಳು ದಟ್ಟವಾಗಿರುವ ನಿಮ್ಮದೇ ಎರಡು ಪುಟಗಳನ್ನು ಒಯ್ದು, ಮಾರುವವನ ಎದುರಿನಲ್ಲಿಯೇ ಅಚ್ಚು ತೆಗೆಸಿ ನೋಡಿ. ಕಂಪನಿಯು ಪ್ರಯೋಗದ ಅವಧಿಯನ್ನು ಕೊಡುತ್ತಿದ್ದರೆ ಅದನ್ನು ಬಳಸಿಕೊಳ್ಳಿ. ತಿಂಗಳ ಚಂದಾ ಇದ್ದರೆ ಒಂದು ತಿಂಗಳಿಗೆ ಮಾತ್ರ ತೆತ್ತು ನೋಡಿ. ಸ್ಕ್ರೈಬಸ್, ಇಂಕ್‌ಸ್ಕೇಪ್, ಗಿಂಪ್‌ಗಳಂತಹ ಮುಕ್ತ ತಂತ್ರಾಂಶಗಳನ್ನು ಎಷ್ಟು ದಿನ ಬೇಕಾದರೂ ಪರೀಕ್ಷಿಸಬಹುದು, ನೆರೆಯವರಿಗೂ ಕೊಡಬಹುದು. ಮಾದರಿ ತೋರಿಸಲೊಪ್ಪದ ಮಾರಾಟಗಾರನನ್ನು ಬಿಟ್ಟು ಬೇರೊಬ್ಬನ ಬಳಿಗೆ ಹೋಗುವ ಹಕ್ಕು ನಮಗಿದೆ. ಅವನ ಬಾಗಿಲು ಮುರಿಯುವ ಹಕ್ಕಿಲ್ಲ.

ಪದವಿ ಮುಗಿಸಿ ಊರಿನಲ್ಲಿಯೇ ಡಿಟಿಪಿ ಅಂಗಡಿ ತೆರೆಯಲಿರುವ ಮಿತ್ರರು ನಮ್ಮಲ್ಲಿ ಹಲವರಿದ್ದಾರೆ. ಅವರೆಲ್ಲರೂ ತಮ್ಮನ್ನು ತಾವು ಕೇಳಿಕೊಳ್ಳಬೇಕಾದುದು ಒಂದೇ ಪ್ರಶ್ನೆ: ನನ್ನ ಪರೀಕ್ಷೆ ಮುಗಿಯುವ ದಿನ ಯಾವುದು? ಆ ದಿನವನ್ನು ಹೇಳಲಾರದವನು ಪರೀಕ್ಷಿಸುತ್ತಿಲ್ಲ, ಬಳಸುತ್ತಿದ್ದಾನೆ. ಮೊದಲನೆಯ ಲಗ್ನಪತ್ರಿಕೆಗೆ ಹಣ ಎಣಿಸಿಕೊಂಡ ಮೇಲಂತೂ ಪರೀಕ್ಷೆಯ ಮಾತನ್ನೇ ಎತ್ತುವಂತಿಲ್ಲ. ತನ್ನ ದುಡಿಮೆಗೆ ಕೂಲಿ ಪಡೆದವನು, ಆ ದುಡಿಮೆಗೆ ಸಾಧನವನ್ನು ಒದಗಿಸಿದವನ ಕೂಲಿಯನ್ನೂ ಸಲ್ಲಿಸಬೇಕಾದುದು ಧರ್ಮ.