ಹೊಗೆ ಕಾಣದ ಸೌದೆ ಒಲೆ: ಕೊಳ್ಳುವ ಮೊದಲು ನೋಡಬೇಕಾದದ್ದು



ಕೊಚ್ಚಿ ಇರಲಿ, ತಿರುವನಂತಪುರ ಇರಲಿ, ನಮ್ಮವರ ಹೋಟೆಲುಗಳಲ್ಲಿ ದೋಸೆ ಕಾವಲಿ, ಚಹಾ, ಒಗ್ಗರಣೆ ಎಲ್ಲವೂ ಗ್ಯಾಸಿಗೆ ಬಂದು ಎಷ್ಟೋ ಕಾಲವಾಯಿತು. ಆದರೂ ಅಡುಗೆ ಮನೆಯ ಹಿಂಬದಿಯಲ್ಲಿ ಒಂದು ಸೌದೆ ಒಲೆ ಅನೇಕ ಕಡೆ ಉಳಿದುಕೊಂಡಿದೆ. ಕುಚ್ಚಲಕ್ಕಿ ಅನ್ನ, ದೊಡ್ಡ ಪಾತ್ರೆಯ ಸಾಂಬಾರು, ಪಾತ್ರೆ ತೊಳೆಯುವ ಬಿಸಿನೀರು, ಓಣಂ ಸಮಯದ ಪಾಯಸ, ಮದುವೆ ಆರ್ಡರು, ಇವೆಲ್ಲ ಆ ಒಲೆಯ ಮೇಲೆಯೇ ಆಗುತ್ತವೆ. 19 ಕಿಲೋ ಸಿಲಿಂಡರಿನ ದರ ಏರಿದಾಗಲೆಲ್ಲ ನಮ್ಮ ಕಣ್ಣು ಮತ್ತೆ ಸೌದೆಯ ಕಡೆ ಹೋಗುವುದು ಸಹಜ.

ಆದರೆ ಹೋಟೆಲಿನ ಸುತ್ತಮುತ್ತಲು ಹಿಂದಿನಂತಿಲ್ಲ. ತೆಂಗಿನ ತೋಟ ಇದ್ದ ಜಾಗದಲ್ಲಿ ಫ್ಲ್ಯಾಟ್ ಎದ್ದಿದೆ. ನಮ್ಮ ಚಿಮಣಿಯ ಬಾಯಿ ಅವರ ಮೂರನೇ ಮಹಡಿಯ ಬಾಲ್ಕನಿಗೆ ಸಮನಾಗಿದೆ. 2023ರ ಮಾರ್ಚ್ 2ರಂದು ಬ್ರಹ್ಮಪುರದ ಕಸದ ರಾಶಿಗೆ ಬೆಂಕಿ ಬಿದ್ದು ಹತ್ತು ದಿನಕ್ಕೂ ಹೆಚ್ಚು ಕಾಲ ಕೊಚ್ಚಿಗೆ ಹೊಗೆ ಕವಿದ ಮೇಲಂತೂ ಆ ಊರಿನವರಿಗೆ ಹೊಗೆ ಎಂದರೆ ಭಯ. ತಿರುವನಂತಪುರದಲ್ಲಿ ಆಟ್ಟುಕಾಲ್ ಪೊಂಗಾಲದ ದಿನ ಊರಿಡೀ ಇಟ್ಟಿಗೆ ಒಲೆ ಹೂಡುತ್ತಾರೆ, ಹೊಗೆ ಏಳುತ್ತದೆ, ಯಾರೂ ಮಾತಾಡುವುದಿಲ್ಲ. ಅದು ದೇವಿಯ ಕೆಲಸ, ವರ್ಷಕ್ಕೊಂದು ದಿನ. ನಮ್ಮ ಒಲೆಯ ಹೊಗೆ 365 ದಿನದ್ದು. ಅದನ್ನು ನೆರೆಯವರು ಸಹಿಸಬೇಕು ಎನ್ನಲು ನಮಗೆ ಹಕ್ಕಿಲ್ಲ.

ಕಾನೂನು ಏನು ಹೇಳುತ್ತದೆ?

1981ರ ವಾಯು ಮಾಲಿನ್ಯ ಕಾಯ್ದೆಯ 19ನೇ ಸೆಕ್ಷನ್ನನ್ನು ನಮ್ಮಲ್ಲಿ ಹೆಚ್ಚಿನವರು ಓದಿರಲಿಕ್ಕಿಲ್ಲ. ಒಂದು ಪ್ರದೇಶವನ್ನು ವಾಯು ಮಾಲಿನ್ಯ ನಿಯಂತ್ರಣ ಪ್ರದೇಶ ಎಂದು ಘೋಷಿಸುವ ಅಧಿಕಾರ ಅದರಡಿ ರಾಜ್ಯ ಸರ್ಕಾರಕ್ಕೆ ಇದೆ. ಅಲ್ಲಿ ಒಪ್ಪಿಗೆ ಪಡೆದ ಇಂಧನ ಬಿಟ್ಟು ಬೇರೆ ಉರಿಸಬಾರದು, ಒಪ್ಪಿಗೆ ಪಡೆದ ಒಲೆ ಬಿಟ್ಟು ಬೇರೆ ಇಡಬಾರದು ಎಂದು ಆದೇಶ ಮಾಡುವ ಅಧಿಕಾರವೂ ಇದೆ.

ಇದು ಕಾಗದದ ಮೇಲಿನ ಮಾತು ಮಾತ್ರ ಎಂದು ಯಾರೂ ತಿಳಿಯಬಾರದು. 2025ರ ಜನವರಿಯಲ್ಲಿ ಬೊಂಬಾಯಿ ಹೈಕೋರ್ಟು ಮುಂಬಯಿಯ ಸೌದೆ, ಕಲ್ಲಿದ್ದಲಿನ ಬೇಕರಿಗಳು ಆರು ತಿಂಗಳೊಳಗೆ ಶುದ್ಧ ಇಂಧನಕ್ಕೆ ಬದಲಾಗಬೇಕು ಎಂದಿತು. ಮುಂಬಯಿಯಲ್ಲಿ ಹೋಟೆಲು ಇಟ್ಟಿರುವ ನೆಂಟರು ನಮಗೆಲ್ಲ ಇದ್ದಾರೆ, ಅವರನ್ನೇ ಕೇಳಿ ನೋಡಿ. ದೆಹಲಿಯಲ್ಲಿ ಗಾಳಿ ಕೆಟ್ಟಾಗ ಮೊದಲ ಹಂತದಲ್ಲೇ ಹೋಟೆಲಿನ ತಂದೂರಿಗೆ ಕಲ್ಲಿದ್ದಲು, ಸೌದೆ ಹಾಕುವುದನ್ನು ನಿಲ್ಲಿಸುತ್ತಾರೆ.

ಇಂಗ್ಲೆಂಡಿನವರು ಈ ದಾರಿಯಲ್ಲಿ ನಮಗಿಂತ ಮುಂಚೆ ನಡೆದವರು. 1952ರ ಡಿಸೆಂಬರಿನಲ್ಲಿ ಲಂಡನ್ನಿನಲ್ಲಿ ಹೊಗೆಮಂಜು ಕವಿದು ಸಾವಿರಾರು ಜನ ಸತ್ತರು. 1956ರಲ್ಲಿ ಕಾಯ್ದೆ ತಂದು ಹೊಗೆ ನಿಯಂತ್ರಣ ಪ್ರದೇಶಗಳನ್ನು ಗುರುತಿಸಲು ದಾರಿ ಮಾಡಿದರು. ಅಲ್ಲಿ ಸೌದೆಯನ್ನೇ ನಿಲ್ಲಿಸಲಿಲ್ಲ. ಪರೀಕ್ಷೆಯಲ್ಲಿ ಹೊಗೆ ಕಡಿಮೆ ಎಂದು ಸಾಬೀತಾದ ಒಲೆಗೆ ವಿನಾಯಿತಿ ಇದೆ. ನಮ್ಮಲ್ಲೂ ನಾಳೆ ಹಾಗೆಯೇ ಬಂದರೆ ಒಳ್ಳೆಯ ಒಲೆ ಇಟ್ಟವನು ಉಳಿದುಕೊಳ್ಳುತ್ತಾನೆ.

ಆದ್ದರಿಂದ ಮೊದಲು ನಿಮ್ಮ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರ ತೆಗೆದು ನೋಡಿ. ಅದರಲ್ಲಿ ಯಾವ ಇಂಧನ ಎಂದು ಬರೆದಿದೆ? ಚಿಮಣಿಯ ಎತ್ತರ ಹಾಕಿದ್ದಾರೆಯೇ? ಬರೆದದ್ದು ಒಂದು, ಉರಿಸುವುದು ಒಂದು ಆಗಬಾರದು.

ಹೊಗೆ ಎಂದರೆ ಉರಿಯದೆ ಹೋದ ಸೌದೆ

ಇದೊಂದು ಮಾತು ಮನಸ್ಸಿನಲ್ಲಿದ್ದರೆ ಒಲೆ ಮಾರುವವನ ಅರ್ಧ ಮಾತಿಗೆ ಉತ್ತರ ನೀವೇ ಕೊಡಬಹುದು. ಸೌದೆ ಕಾದಾಗ ಮೊದಲು ಅದರ ನೀರು ಆವಿಯಾಗುತ್ತದೆ. ಆಮೇಲೆ ಅದರಿಂದ ಅನಿಲ ಹೊರಡುತ್ತದೆ. ಆ ಅನಿಲಕ್ಕೆ ಸಾಕಷ್ಟು ಶಾಖ, ಸಾಕಷ್ಟು ಗಾಳಿ ಎರಡೂ ಸಿಕ್ಕಿದರೆ ಅದು ಜ್ವಾಲೆಯಾಗುತ್ತದೆ, ಸಿಗದಿದ್ದರೆ ಹೊಗೆಯಾಗಿ ಹೋಗುತ್ತದೆ. ಬಿಳಿ ಹೊಗೆ ಬಂದರೆ ಸೌದೆ ಹಸಿ ಅಥವಾ ಒಲೆ ಇನ್ನೂ ಕಾದಿಲ್ಲ. ಕಪ್ಪು ಹೊಗೆ ಬಂದರೆ ಗಾಳಿ ಸಾಲದು ಅಥವಾ ಒಮ್ಮೆಗೇ ಬಹಳ ತುರುಕಿದ್ದಾರೆ. ಬೆಂಕಿ ಹಿಡಿದು ಕಾಲು ಗಂಟೆ ಕಳೆದ ಮೇಲೂ ಚಿಮಣಿಯಲ್ಲಿ ಹೊಗೆ ಎದ್ದು ಕಾಣುತ್ತಿದ್ದರೆ ನಿಮ್ಮ ದುಡ್ಡೇ ಮೇಲೆ ಹೋಗುತ್ತಿದೆ ಎಂದು ಲೆಕ್ಕ.

ಈಗ ಒಂದು ಅಂದಾಜು. ಗ್ಯಾಸಿನ ಒಂದು ಕಿಲೋದಲ್ಲಿ ಸುಮಾರು 11,000 ಕಿಲೋ ಕ್ಯಾಲರಿ ಶಾಖ ಇದೆ. ಬರ್ನರಿನಲ್ಲಿ ನೂರಕ್ಕೆ 60 ಭಾಗ ಪಾತ್ರೆಗೆ ಸಿಗುತ್ತದೆ ಎಂದಿಟ್ಟುಕೊಳ್ಳಿ. ಒಂದು 19 ಕಿಲೋ ಸಿಲಿಂಡರಿನಿಂದ ಪಾತ್ರೆಗೆ ಸಿಗುವುದು ಸುಮಾರು 1,25,000. ಗಾಳಿಗೆ ಒಣಗಿದ ಸೌದೆಯ ಒಂದು ಕಿಲೋದಲ್ಲಿ ಸುಮಾರು 3,500 ಇದೆ. ತೆರೆದ ಒಲೆಯಲ್ಲಿ ನೂರಕ್ಕೆ 12 ಭಾಗ ಸಿಕ್ಕಿದರೆ ಒಂದು ಸಿಲಿಂಡರಿನ ಕೆಲಸಕ್ಕೆ ಸುಮಾರು 300 ಕಿಲೋ ಸೌದೆ ಬೇಕು. ನೂರಕ್ಕೆ 30 ಭಾಗ ಕೊಡುವ ಒಲೆಯಲ್ಲಿ 120 ಕಿಲೋ ಸಾಕು. ನಿಮ್ಮ ಊರಿನ ಸೌದೆ ದರ, ಸಿಲಿಂಡರ್ ದರ, ಒಲೆ ನೋಡುವ ಹುಡುಗನ ಸಂಬಳ ಮೂರನ್ನೂ ಹಾಕಿ ನೀವೇ ಗುಣಿಸಿ ನೋಡಿ. ತೆರೆದ ಒಲೆಯಲ್ಲಿ ಲಾಭ ಇದೆ ಎನ್ನುವುದು ಎಷ್ಟೋ ಕಡೆ ಬರೀ ಅಭ್ಯಾಸದ ಮಾತು.

ಒಲೆಗಿಂತ ಮೊದಲು ಸೌದೆ ಕೊಟ್ಟಿಗೆ

ಕೇರಳದಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ. ಜೂನಿನಲ್ಲಿ ಹಿಡಿದರೆ ತುಲಾ ಮಳೆ ಮುಗಿಯುವ ತನಕ ಸೌದೆ ಒಣಗುವ ಮಾತಿಲ್ಲ. ಆಗ ಲಾರಿಯಲ್ಲಿ ಬರುವ ರಬ್ಬರ್ ಸೌದೆಯ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ನೀರಿಗೆ ಸೌದೆಯ ದರ ಕೊಟ್ಟು, ಮತ್ತೆ ಅದೇ ನೀರನ್ನು ಆವಿ ಮಾಡಲು ಉಳಿದ ಸೌದೆ ಸುಡುತ್ತೇವೆ. ಇಂಥ ಸೌದೆ ಹಾಕಿದರೆ ಲಕ್ಷ ರೂಪಾಯಿಯ ಒಲೆಯೂ ಹೊಗೆ ಉಗುಳುತ್ತದೆ.

ಆದ್ದರಿಂದ ಕುಂಭ, ಮೀನ ಮಾಸದಲ್ಲೇ ಮಳೆಗಾಲದ ಸೌದೆ ತಂದು ಸೀಳಿ ಇಡಬೇಕು. ಮಣಿಕಟ್ಟಿನ ದಪ್ಪಕ್ಕೆ ಸೀಳಿದರೆ ಬೇಗ ಒಣಗುತ್ತದೆ. ನೆಲದಿಂದ ಅರ್ಧ ಅಡಿ ಎತ್ತರ, ಮೇಲೆ ಶೀಟು, ಎರಡು ಬದಿ ಗಾಳಿ ಆಡಲು ತೆರೆದಿರಬೇಕು. ಟಾರ್ಪಾಲಿನಲ್ಲಿ ಪೂರ್ತಿ ಮುಚ್ಚಿದರೆ ಒಳಗೇ ಬೂಸ್ಟು ಹಿಡಿಯುತ್ತದೆ. ತೇವ ನೂರಕ್ಕೆ 20ಕ್ಕಿಂತ ಕಡಿಮೆ ಇರಬೇಕು. ಅದನ್ನು ನೋಡಲು ಎರಡು ಮುಳ್ಳಿನ ಸಣ್ಣ ಮೀಟರ್ ಸಿಗುತ್ತದೆ. ಸೀಳಿದ ಹೊಸ ಮೈಗೆ ಚುಚ್ಚಿ ನೋಡಬೇಕು, ಹೊರಮೈಗೆ ಅಲ್ಲ. ಮೀಟರ್ ಇಲ್ಲದಿದ್ದರೆ ನಾಲ್ಕು ತುಂಡಿಗೆ ಗುರುತು ಹಾಕಿ ಬೇಸಿಗೆಯಲ್ಲಿ ವಾರಕ್ಕೊಮ್ಮೆ ತೂಕ ಮಾಡಿ. ತೂಕ ಇಳಿಯುವುದು ನಿಂತರೆ ಸೌದೆ ಒಣಗಿದೆ.

ಪೆರುಂಬಾವೂರು ಕಡೆಯಿಂದ ಪ್ಲೈವುಡ್ ತುಂಡು ಅಗ್ಗಕ್ಕೆ ಬರುತ್ತದೆ. ಅಂಟು ಹಾಕುವ ಮೊದಲಿನ ಬರೀ ಮರದ ಪದರವಾದರೆ ಅಡ್ಡಿಯಿಲ್ಲ. ಅಂಟು ಹಾಕಿದ ಪ್ಲೈವುಡ್, ಬಣ್ಣ ಬಳಿದ ಹಳೆ ಬಾಗಿಲು, ಪ್ಲಾಸ್ಟಿಕ್ ಇವನ್ನು ಒಲೆಗೆ ಹಾಕಲೇಬಾರದು. ಅದರ ಹೊಗೆ ವಿಷ.

ಯಾವ ಕೆಲಸಕ್ಕೆ ಯಾವ ಒಲೆ?

ಕಟ್ಟಿದ ಚಿಮಣಿ ಒಲೆ: ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ಒಲೆಯ ಹೆಸರು ನಮ್ಮ ಊರಿನಲ್ಲಿ ಕೇಳದವರಿಲ್ಲ. ಕೇರಳದಲ್ಲಿ ಶಾಸ್ತ್ರ ಸಾಹಿತ್ಯ ಪರಿಷತ್ತಿನವರು 1980ರ ದಶಕದಲ್ಲಿ ಮನೆಮನೆಗೆ ತಂದದ್ದು ಪರಿಷತ್ ಅಡುಪ್ಪು. ಎರಡರದ್ದೂ ಒಂದೇ ತತ್ವ: ಮುಚ್ಚಿದ ಉರಿಗೂಡು, ಕೆಳಗೆ ಕಬ್ಬಿಣದ ಜಾಲರಿ, ಗಾಳಿಗೆ ಅಳತೆಯ ದಾರಿ, ಪಾತ್ರೆ ಕೂರುವ ಸರಿಯಾದ ಗುಣಿ, ಕೊನೆಗೆ ಚಿಮಣಿ. ಹೋಟೆಲಿನ ಅಳತೆಗೂ ಇದೇ ತತ್ವದಲ್ಲಿ ಕಟ್ಟಿಸಬಹುದು. ಬೆಂಗಳೂರಿನ ಟೈಡ್ ಸಂಸ್ಥೆ ಕರ್ನಾಟಕ, ಕೇರಳದ ಸಣ್ಣ ಉದ್ದಿಮೆಗಳಿಗೆ ಇಂಥ ಒಲೆ ಕಟ್ಟಿಸಿ 2008ರಲ್ಲಿ ಬ್ರಿಟನ್ನಿನ ಆಶ್ಡೆನ್ ಪ್ರಶಸ್ತಿ ಪಡೆಯಿತು. ಒಂದೇ ಜಾಗದಲ್ಲಿ ದಿನವಿಡೀ ಅನ್ನ, ನೀರು ಬೇಯಿಸುವವರಿಗೆ ಇದು ಒಳ್ಳೆಯದು. ಆದರೆ ಪಾತ್ರೆಯ ಅಳತೆ ಬದಲಾಯಿಸಿದರೆ ಸಂದಿನಿಂದ ಹೊಗೆ ಒಳಗೇ ಬರುತ್ತದೆ.

ರಾಕೆಟ್ ಒಲೆ: ಎಲ್ ಆಕಾರದ ಉರಿಗೂಡು, ಸುತ್ತ ಶಾಖ ತಡೆಯುವ ಪದರ. ಸಣ್ಣ ಸೀಳು ಸೌದೆಯನ್ನು ತುದಿಯಿಂದ ಸ್ವಲ್ಪ ಸ್ವಲ್ಪವೇ ನೂಕಬೇಕು. ಹೊರಗಡೆ ಅಡುಗೆ ಆರ್ಡರಿಗೆ ಸಾಗಿಸಲು ಅನುಕೂಲ. ಯಾವಾಗಲೂ ಒಬ್ಬರು ಪಕ್ಕದಲ್ಲಿ ಇರಬೇಕು.

ಫ್ಯಾನಿನ ಪೆಲೆಟ್ ಒಲೆ: ಮರದ ಪುಡಿ, ಕೃಷಿ ತ್ಯಾಜ್ಯ ಒತ್ತಿ ಮಾಡಿದ ಗುಳಿಗೆಯನ್ನು ಕೆಳಗಿನಿಂದಲೂ ಮೇಲಿನಿಂದಲೂ ಗಾಳಿ ಕೊಟ್ಟು ಉರಿಸುವುದು. ಇದರ ಮೂಲದಲ್ಲೂ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯ ಕೆಲಸ ಇದೆ. ಸರಿಯಾಗಿ ನಡೆಸಿದರೆ ಹೊಗೆ ಬಹಳ ಕಡಿಮೆ. ನೆರೆಯಲ್ಲಿ ಫ್ಲ್ಯಾಟ್ ಇರುವವರು ಮೊದಲು ನೋಡಬೇಕಾದದ್ದು ಇದನ್ನೇ. ಆದರೆ ಪೆಲೆಟ್ ವರ್ಷವಿಡೀ ಒಂದೇ ಗುಣಮಟ್ಟದಲ್ಲಿ ಸಿಗಬೇಕು, ಕರೆಂಟು ಹೋದರೆ ಫ್ಯಾನಿಗೆ ಬ್ಯಾಟರಿ ಬೇಕು. ಪೆಲೆಟ್‌ಗೆ ನೀರು ತಾಗಿದರೆ ಪುಡಿಯಾಗಿ ಹೋಗುತ್ತದೆ.

ಬಹು ಇಂಧನ ಒಲೆ: ‘ಏನು ಹಾಕಿದರೂ ಉರಿಯುತ್ತದೆ’ ಎಂದು ಮಾರುವವನು ಹೇಳುತ್ತಾನೆ. ಉರಿಯುತ್ತದೆ, ನಿಜ. ಹೊಗೆಯಿಲ್ಲದೆ ಉರಿಯುತ್ತದೆಯೇ ಎನ್ನುವುದು ಬೇರೆ ಪ್ರಶ್ನೆ. ಸೌದೆಗೆ ಗಾಳಿ ಹೆಚ್ಚಾಗಿ ಮೇಲಿನಿಂದ ಬೇಕು. ಕಲ್ಲಿದ್ದಲು, ಇದ್ದಿಲಿಗೆ ಜಾಲರಿಯ ಕೆಳಗಿನಿಂದ ಬೇಕು. ಒಳ್ಳೆಯ ಬಹು ಇಂಧನ ಒಲೆಯಲ್ಲಿ ಮೇಲೆ ಕೆಳಗೆ ಬೇರೆ ಬೇರೆ ಗಾಳಿ ಬಾಗಿಲು ಇರುತ್ತದೆ, ಜಾಲರಿ ತೆಗೆದು ಬದಲಾಯಿಸಲು ಬರುತ್ತದೆ. ತೆಂಗಿನ ಗೆರಟೆ ಬಹಳ ಕಾವು ಕೊಡುತ್ತದೆ, ತೆಳು ತಗಡಿನ ಜಾಲರಿ ಅದಕ್ಕೆ ಬೇಗ ಬಗ್ಗುತ್ತದೆ, ದಪ್ಪ ಬೀಡಿನದ್ದೇ ಬೇಕು. ತೆಂಗಿನ ಸಿಪ್ಪೆ, ಮಡಲು ಪೂರ್ತಿ ಒಣಗದಿದ್ದರೆ ಯಾವ ಒಲೆಗೂ ಬೇಡ.

ಕೊಳ್ಳುವಾಗ ಕೇಳಬೇಕಾದದ್ದು

ಒಂದು: ಪರೀಕ್ಷಾ ವರದಿ ಇದೆಯೇ? ಸಾಗಿಸಬಹುದಾದ ಸೌದೆ ಒಲೆಗೆ ಐಎಸ್ 13152 ಎಂಬ ಭಾರತೀಯ ಮಾನಕ ಇದೆ. 2013ರ ಪರಿಷ್ಕರಣೆಯ ಪ್ರಕಾರ ಫ್ಯಾನ್ ಇಲ್ಲದ ಒಲೆ ನೂರಕ್ಕೆ ಕನಿಷ್ಠ 25, ಫ್ಯಾನ್ ಇರುವುದು ಕನಿಷ್ಠ 35 ಭಾಗ ಶಾಖವನ್ನು ಪಾತ್ರೆಗೆ ಕೊಡಬೇಕು. ಹೊಗೆಯ ಕಣಕ್ಕೂ, ಇಂಗಾಲದ ಮೊನಾಕ್ಸೈಡಿಗೂ ಮಿತಿ ಇದೆ. ವರದಿಯಲ್ಲಿ ಯಾವ ಮಾದರಿಯ ಹೆಸರಿದೆಯೋ ಅದನ್ನೇ ನಿಮಗೆ ಕೊಡುತ್ತಿದ್ದಾರೆಯೇ ನೋಡಿ.

ಎರಡು: ನಿಮ್ಮ ಪಾತ್ರೆ, ನಿಮ್ಮ ಸೌದೆ, ನಿಮ್ಮ ಅಡುಗೆಯವರು, ಈ ಮೂರನ್ನೂ ಇಟ್ಟು 25 ಕಿಲೋ ಅಕ್ಕಿ ಬೇಯಿಸಿ ತೋರಿಸುತ್ತಾರೆಯೇ? ಮೊದಲೂ ಕೊನೆಗೂ ಸೌದೆ ತೂಗಿ. ಆಗ ಒಬ್ಬರು ಹೊರಗೆ ನಿಂತು ಚಿಮಣಿ ನೋಡುತ್ತಿರಬೇಕು.

ಮೂರು: ಜಾಲರಿ, ಫ್ಯಾನ್, ಒಳಗಿನ ಇಟ್ಟಿಗೆ ಬಿಡಿಯಾಗಿ ಸಿಗುತ್ತದೆಯೇ, ಎಷ್ಟು ದಿನದಲ್ಲಿ?

ನಾಲ್ಕು: ಅಡುಗೆಯವರಿಗೆ ಕಲಿಸಿಕೊಡುವವರು ಯಾರು? ಒಲೆ ಬಂದ ದಿನ ಒಬ್ಬರು ಬಂದು ತೋರಿಸಿ ಹೋದರೆ ಸಾಲದು. ಅಡುಗೆಯವರು ಬದಲಾಗುತ್ತಲೇ ಇರುತ್ತಾರೆ.

ಚಿಮಣಿ, ಗ್ಯಾಸು, ಸುರಕ್ಷತೆ

ಚಿಮಣಿ ಆದಷ್ಟು ನೇರ ಇರಬೇಕು, ನಮ್ಮ ಮಾಡಿಗಿಂತ ಎತ್ತರ ಹೋಗಬೇಕು, ಮಳೆಗೆ ಟೋಪಿ, ಮಸಿ ತೆಗೆಯಲು ಕೆಳಗೆ ಬಾಗಿಲು ಬೇಕು. ಮಸಿ ಕಟ್ಟಿದ ಚಿಮಣಿಗೆ ಬೆಂಕಿಯೇ ಹಿಡಿಯಬಹುದು. ಆದರೆ ಎತ್ತರದ ಚಿಮಣಿ ಹೊಗೆಯನ್ನು ದೂರ ಒಯ್ಯುತ್ತದೆ, ಇಲ್ಲದಂತೆ ಮಾಡುವುದಿಲ್ಲ. ಒಲೆ ಸರಿ ಇಲ್ಲದೆ ಚಿಮಣಿ ಏರಿಸಿದರೆ ದೂರು ಪಕ್ಕದ ಮನೆ ಬಿಟ್ಟು ಅದರಾಚೆಯ ಮನೆಯಿಂದ ಬರುತ್ತದೆ.

ಸಿಲಿಂಡರನ್ನು ಸೌದೆ ಒಲೆಯ ಕೋಣೆಯಲ್ಲಿ ಇಡಲೇಬೇಡಿ. ಈ ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ಹರಿದು ಬೆಂಕಿಯ ಹತ್ತಿರ ಹೋಗುತ್ತದೆ. 100 ಕಿಲೋ ಮೀರಿ ಸಂಗ್ರಹಿಸಲು ಲೈಸೆನ್ಸ್ ಬೇಕು, ಅಂದರೆ 19 ಕಿಲೋದ ಐದು ಸಿಲಿಂಡರ್ ತನಕ ಮಾತ್ರ ಇಲ್ಲದೆ ನಡೆಯುತ್ತದೆ. ಕೆಂಡ ಉಳಿದ ಒಲೆ ಇರುವ ಕೋಣೆಯ ಬಾಗಿಲು, ಕಿಟಕಿ ಮುಚ್ಚಿ ಹುಡುಗರನ್ನು ಅಲ್ಲಿ ಮಲಗಿಸಬಾರದು. ಮೊನಾಕ್ಸೈಡಿಗೆ ವಾಸನೆ ಇಲ್ಲ, ಜೀವ ತೆಗೆಯುತ್ತದೆ.

ಸೌದೆಯೇ ಬೇಕೇ?

ಎಲ್ಲರಿಗೂ ಬೇಕಾಗಿಲ್ಲ. ಕೊಚ್ಚಿಯಲ್ಲಿ ನಿಮ್ಮ ರಸ್ತೆಗೆ ಕೊಳವೆ ಗ್ಯಾಸು ಬಂದಿದ್ದರೆ ಮೊದಲು ಅದರ ದರ ಕೇಳಿ. ಪುದುವೈಪ್‌ನಿಂದ ಹೊರಡುವ ಅದೇ ಗ್ಯಾಸು 2021ರ ಜನವರಿಯಲ್ಲಿ ಉದ್ಘಾಟನೆಯಾದ ಕೊಳವೆಯಲ್ಲಿ ನಮ್ಮ ಮಂಗಳೂರಿನ ತನಕ ಹೋಗುತ್ತಿದೆ. ಅದಕ್ಕೆ ಬರ್ನರಿನ ಜೆಟ್ ಬದಲಾಯಿಸಬೇಕು. ಎಂಜಲು, ತರಕಾರಿ ಸಿಪ್ಪೆಯಿಂದ ಗ್ಯಾಸು ಮಾಡುವ ಸ್ಥಾವರಗಳಿಗಾಗಿ ತಿರುವನಂತಪುರದ ಬಯೋಟೆಕ್ ಸಂಸ್ಥೆ 2007ರಲ್ಲೇ ಆಶ್ಡೆನ್ ಪ್ರಶಸ್ತಿ ಪಡೆದಿತ್ತು. ಅಡುಗೆ ಪೂರ್ತಿ ಅದರಲ್ಲಿ ಆಗದಿದ್ದರೂ ಕಸದ ತಲೆನೋವು ಕಡಿಮೆಯಾಗುತ್ತದೆ. ಅಲ್ಲೇ ಇರುವ ಅನೆರ್ಟ್ ಕಚೇರಿಯಲ್ಲಿ ಈಗ ಯಾವ ಯೋಜನೆಗೆ ನೆರವು ಇದೆ ಎಂದು ವಿಚಾರಿಸಿ.

ನನ್ನ ಅಭಿಪ್ರಾಯ ಇಷ್ಟೇ: ಬೇಗ ಬೇಗ ಉರಿ ಏರಿಸಿ ಇಳಿಸುವ ಕೆಲಸಕ್ಕೆ ಗ್ಯಾಸು, ಗಂಟೆಗಟ್ಟಲೆ ಒಂದೇ ಉರಿ ಬೇಕಾದ ಅನ್ನ, ನೀರಿಗೆ ಒಳ್ಳೆಯ ಸೌದೆ ಅಥವಾ ಪೆಲೆಟ್ ಒಲೆ. ಒಣ ಸೌದೆ ಇಡಲು ಜಾಗವಿಲ್ಲದವರು ಸೌದೆ ಒಲೆಯನ್ನು ಬಿಟ್ಟೇ ಬಿಡುವುದು ಒಳ್ಳೆಯದು.

ಇದು ನೆರೆಯವರಿಗಾಗಿ ಮಾತ್ರ ಮಾಡುವ ಕೆಲಸವೂ ಅಲ್ಲ. ನಮ್ಮ ಹೊಗೆ ಮೊದಲು ಹೋಗುವುದು ನಮ್ಮ ಅಡುಗೆಯವರ ಎದೆಗೆ. ಕುಂದಾಪುರದಿಂದ, ಕಾಸರಗೋಡಿನಿಂದ ನಮ್ಮನ್ನು ನಂಬಿ ಬಂದು ಇಪ್ಪತ್ತು ಮೂವತ್ತು ವರ್ಷ ಒಲೆಯ ಮುಂದೆ ನಿಂತವರು ಊರಿಗೆ ಹೋಗುವಾಗ ಕೆಮ್ಮನ್ನು ಕಟ್ಟಿಕೊಂಡು ಹೋಗಬಾರದು. ಮಳೆ ಹಿಡಿಯುವ ಮೊದಲು ಒಮ್ಮೆ ನಿಮ್ಮ ಹೋಟೆಲಿನ ಹಿಂದೆ ರಸ್ತೆಯಲ್ಲಿ ನಿಂತು ನಿಮ್ಮದೇ ಚಿಮಣಿ ನೋಡಿ. ಕಂಡದ್ದನ್ನು ಮುಂದಿನ ಸಭೆಯಲ್ಲಿ ಹೇಳಿ. ನಾಲ್ಕು ಜನ ಸೇರಿ ಒಲೆ ತರಿಸಿದರೆ ದರದಲ್ಲೂ ಇಳಿಸಬಹುದು, ರಿಪೇರಿಯವರನ್ನೂ ಕರೆಸಬಹುದು.