ಮಡಿ ಮತ್ತು ಮೆರುಗು: ಶುದ್ಧಿದ್ರವ್ಯಗಳ ರಸಾಯನ ವಿಚಾರ

ಮಲಿನವಾದುದನ್ನು ನಿರ್ಮಲಗೊಳಿಸುವ ವಿದ್ಯೆಯು ಮಾನವನ ಅತ್ಯಂತ ಪ್ರಾಚೀನ ವಿದ್ಯೆಗಳಲ್ಲೊಂದು. ಕನ್ನಡದಲ್ಲಿ ‘ಮಡಿ’ ಎಂಬ ಒಂದೇ ಶಬ್ದವು ಒಗೆದ ಬಟ್ಟೆಯನ್ನೂ ಶುಚಿತ್ವವನ್ನೂ ಹೇಳುತ್ತದೆ. ಆ ಕಾರ್ಯವನ್ನು ಮಾಡುವವನು ಮಡಿವಾಳ. ಹನ್ನೆರಡನೆಯ ಶತಮಾನದಲ್ಲಿ ಮಡಿವಾಳ ಮಾಚಿದೇವರು ಬಟ್ಟೆ ಒಗೆಯುವುದನ್ನೇ ಕಾಯಕವಾಗಿ ಸ್ವೀಕರಿಸಿ ಶರಣರ ಸಾಲಿನಲ್ಲಿ ಪೂಜ್ಯರಾದರು. ಅಂತಹ ಗೌರವಕ್ಕೆ ಪಾತ್ರವಾದ ಈ ಕಾರ್ಯದ ಹಿಂದಿರುವ ರಸಾಯನ ತತ್ತ್ವವನ್ನು ಅರಿಯುವುದು ವಿದ್ಯಾರ್ಥಿಗೂ ಗೃಹಸ್ಥನಿಗೂ ಉಪಯುಕ್ತವಾದುದು.

ಸಾಬೂನು ಬರುವುದಕ್ಕೆ ಮೊದಲು ಹಳ್ಳಿಗಾಡಿನ ಮಡಿವಾಳರು ಚೌಳುಮಣ್ಣು, ಬೂದಿಯ ತಿಳಿನೀರು, ಅಂಟುವಾಳದ ಕಾಯಿ ಇವುಗಳನ್ನು ಬಳಸುತ್ತಿದ್ದರು. ಚೌಳುಮಣ್ಣಿನಲ್ಲಿ ಸೋಡಿಯಂ ಕಾರ್ಬೊನೇಟ್ ಇರುತ್ತದೆ. ಮರದ ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಇರುತ್ತದೆ. ಎರಡೂ ಕ್ಷಾರಗಳೇ. ‘ಆಲ್ಕಲಿ’ ಎಂಬ ಪಾಶ್ಚಾತ್ಯ ಶಬ್ದವೂ ಸಸ್ಯದ ಬೂದಿಯನ್ನು ಹೇಳುವ ಅರಬ್ಬೀ ಮಾತಿನಿಂದಲೇ ಹುಟ್ಟಿದುದು. ಎಣ್ಣೆಜಿಡ್ಡು ಕ್ಷಾರದೊಡನೆ ಕೂಡಿ ಕುದಿದಾಗ ಸಾಬೂನೂ ಗ್ಲಿಸರಿನ್ನೂ ಆಗುತ್ತವೆ. ಈ ಕ್ರಿಯೆಯ ನಿಜಸ್ವರೂಪವನ್ನು ಫ್ರಾನ್ಸಿನ ಶೆವ್ರೆಲ್ ಎಂಬ ವಿಜ್ಞಾನಿಯು 1823ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವಿಶದಪಡಿಸಿದನು.

ಸಾಬೂನಿನ ಅಣುವಿಗೆ ಎರಡು ತುದಿಗಳು. ಒಂದು ನೀರನ್ನು ಬಯಸುತ್ತದೆ, ಮತ್ತೊಂದು ಜಿಡ್ಡನ್ನು ಬಯಸುತ್ತದೆ. ಹೊಸ್ತಿಲ ಮೇಲಿಟ್ಟ ದೀಪವು ಒಳಗೂ ಹೊರಗೂ ಬೆಳಗುವಂತೆ, ದೇಹಲೀದೀಪ ನ್ಯಾಯದಿಂದ ಅದು ಪರಸ್ಪರ ಸೇರದ ಎರಡು ವಸ್ತುಗಳಿಗೂ ಸಲ್ಲುತ್ತದೆ. ಜಿಡ್ಡಿನ ಕಣವನ್ನು ಸುತ್ತುವರಿದು, ಬಟ್ಟೆಯಿಂದ ಬಿಡಿಸಿ, ನೀರಿನಲ್ಲಿ ತೇಲಿಸಿಕೊಂಡು ಹೋಗುತ್ತದೆ.

ಕನ್ನಡ ನಾಡಿನಲ್ಲಿ ಈ ವಿದ್ಯೆಯು ಕೈಗಾರಿಕೆಯ ರೂಪ ತಳೆದುದು ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರಲ್ಲಿ ಬೆಂಗಳೂರಿನಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆ ಸ್ಥಾಪಿತವಾಯಿತು. ಸೋಸಲೆ ಗರಳಪುರಿ ಶಾಸ್ತ್ರಿಗಳು ಇಂಗ್ಲೆಂಡಿನಲ್ಲಿ ಈ ಶಾಸ್ತ್ರವನ್ನು ಅಭ್ಯಸಿಸಿ ಬಂದು ಗಂಧದೆಣ್ಣೆಯ ಸಾಬೂನಿನ ಸೂತ್ರವನ್ನು ಸಿದ್ಧಪಡಿಸಿದರು. 1918ರಲ್ಲಿ ಮೈಸೂರು ಸ್ಯಾಂಡಲ್ ಸಾಬೂನು ಜನರ ಕೈಸೇರಿತು. ಆ ಕಾರ್ಖಾನೆಯೇ 1980ರಲ್ಲಿ ಕರ್ನಾಟಕ ಸೋಪ್ಸ್ ಅಂಡ್ ಡಿಟರ್ಜೆಂಟ್ಸ್ ಲಿಮಿಟೆಡ್ ಎಂಬ ಸಂಸ್ಥೆಯಾಯಿತು. ಆ ಹೆಸರಿನಲ್ಲಿರುವ ‘ಡಿಟರ್ಜೆಂಟ್’ ಎಂಬ ಶಬ್ದವು ಕಾಲದ ಬದಲಾವಣೆಯನ್ನು ಸೂಚಿಸುತ್ತದೆ.

ಆ ಬದಲಾವಣೆಗೆ ನೀರಿನ ಗುಣವೂ ಒಂದು ಕಾರಣ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಯ ಅನೇಕ ಕೊಳವೆಬಾವಿಗಳ ನೀರು ಗಡಸು. ಅದರಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಸಾಬೂನಿನೊಡನೆ ಕೂಡಿ ಗಷ್ಟಾಗಿ ಬಟ್ಟೆಗೆ ಅಂಟಿಕೊಳ್ಳುತ್ತವೆ. ನೊರೆಯೇಳುವ ಮೊದಲೇ ಸಾಬೂನಿನ ಒಂದು ಭಾಗ ವ್ಯರ್ಥವಾಗುತ್ತದೆ. ಬಿಳಿಯ ಬಟ್ಟೆ ಬೂದುಬಣ್ಣಕ್ಕೆ ತಿರುಗಿದರೆ ಒಗೆದವರ ಆಲಸ್ಯವನ್ನು ದೂರುವುದುಂಟು, ದೋಷವಿರುವುದು ನೀರಿನಲ್ಲಿ. ನೀರನ್ನು ಕುದಿಸಿದರೆ ಬೈಕಾರ್ಬೊನೇಟಿನಿಂದ ಬಂದ ತಾತ್ಕಾಲಿಕ ಗಡಸುತನ ಮಾತ್ರ ಹೋಗುತ್ತದೆ. ಸಲ್ಫೇಟಿನಿಂದ ಬಂದ ಸ್ಥಿರ ಗಡಸುತನಕ್ಕೆ ಒಗೆಯುವ ಸೋಡವನ್ನೇ ಬೆರೆಸಬೇಕು. ಹೊಸದುರ್ಗದ ಕಡೆ ಹೇರಳವಾಗಿ ದೊರೆಯುವ ಕೊಬ್ಬರಿಯ ಎಣ್ಣೆಯಿಂದ ಮಾಡಿದ ಸಾಬೂನು ಗಡಸು ನೀರಿನಲ್ಲಿಯೂ ಇತರ ಸಾಬೂನುಗಳಿಗಿಂತ ಚೆನ್ನಾಗಿ ನೊರೆಗೊಡುತ್ತದೆ. ಡಿಟರ್ಜೆಂಟುಗಳಾದರೋ ಹೀಗೆ ಗಷ್ಟು ಕಟ್ಟುವುದಿಲ್ಲ.

ಆದರೆ ಎಲ್ಲ ಬಟ್ಟೆಗೂ ಒಂದೇ ಸೂತ್ರ ಸಲ್ಲದು. ಹತ್ತಿಯು ಕ್ಷಾರವನ್ನು ತಾಳುತ್ತದೆ. ಮೊಳಕಾಲ್ಮೂರಿನ ರೇಷ್ಮೆಯೂ ಚಳ್ಳಕೆರೆಯ ಕಂಬಳಿಯ ಉಣ್ಣೆಯೂ ಪ್ರಾಣಿಜನ್ಯವಾದ ಪ್ರೋಟೀನಿನ ನೂಲುಗಳು. ತೀಕ್ಷ್ಣ ಕ್ಷಾರವು ಅವನ್ನು ಕೊರೆದುಹಾಕುತ್ತದೆ. ತಾಯಂದಿರು ರೇಷ್ಮೆ ಸೀರೆಗೆ ಅಂಟುವಾಳವನ್ನೇ ಬಳಸಿದುದು ಶಾಸ್ತ್ರಸಮ್ಮತವೇ ಆಗಿದೆ. ಅದರ ನೊರೆಗೊಡುವ ಸಪೋನಿನ್ ಸೌಮ್ಯವಾದುದು. ಕಲೆಗಳ ಸ್ವಭಾವವೂ ಬೇರೆ ಬೇರೆ. ಹೊಳಲ್ಕೆರೆಯ ಕಡೆ ಅಡಿಕೆ ಬೇಯಿಸುವವರ ಉಡುಪಿಗೆ ತಗಲುವ ಚೊಗರಿನಲ್ಲಿ ಟ್ಯಾನಿನ್ ಇದೆ. ಅದು ಕಬ್ಬಿಣದ ಸಂಪರ್ಕಕ್ಕೆ ಬಂದರೆ ಕಪ್ಪಾಗುತ್ತದೆ. ಆ ಕಪ್ಪಿಗೆ ನಿಂಬೆಯ ಹುಳಿ ತಕ್ಕುದು. ತುಕ್ಕಿನ ಕಲೆಗೆ ಚಲುವೆ ಪುಡಿ ಹಾಕಿದರೆ ಕಲೆ ಹೋಗದೆ ಇನ್ನಷ್ಟು ಗಟ್ಟಿಯಾಗುತ್ತದೆ.

ಲೋಹದ ವಿಚಾರದಲ್ಲಿ ಕ್ಷಾರಕ್ಕಿಂತ ಆಮ್ಲಕ್ಕೆ ಪ್ರಾಧಾನ್ಯ. ಚಿತ್ರದುರ್ಗದ ಬಳಿಯ ಇಂಗಳದಾಳಿನ ನೆಲದೊಳಗೆ ತಾಮ್ರದ ಅದಿರಿದ್ದು, ಹಿಂದೆ ಅಲ್ಲಿ ಗಣಿಗಾರಿಕೆ ನಡೆದಿತ್ತು. ಆ ತಾಮ್ರವು ಗಾಳಿ ತೇವಗಳಿಗೆ ಸೋತು ಮೊದಲು ಕಪ್ಪಾಗಿ, ಅನಂತರ ಹಸಿರು ಕಿಲುಬನ್ನು ತಳೆಯುತ್ತದೆ. ಹುಣಸೆ ಮುಪ್ಪಾದರೂ ಹುಳಿ ಮುಪ್ಪೇ ಎಂಬ ಗಾದೆ ಪ್ರಸಿದ್ಧ. ಆ ಹುಳಿಯಲ್ಲಿರುವ ಟಾರ್ಟಾರಿಕ್ ಆಮ್ಲವು ಕಿಲುಬನ್ನು ಕರಗಿಸಿ ಮೂಲ ಲೋಹದ ಮೆರುಗನ್ನು ಹೊರತರುತ್ತದೆ. ನಿಂಬೆರಸ, ಉಪ್ಪು, ಅಕ್ಕಿಹಿಟ್ಟು ಕಲಸಿದ ಲೇಪವೂ ಅದೇ ಕೆಲಸ ಮಾಡುತ್ತದೆ. ತೊಳೆದ ತಕ್ಷಣ ನೀರಿನಿಂದ ಜಾಲಾಡಿಸಿ ಒರೆಸಬೇಕು. ಉಳಿದ ಹುಳಿಯು ಹೊಸ ಕಿಲುಬಿಗೆ ಬೀಜವಾಗುತ್ತದೆ. ಇಟ್ಟಿಗೆಪುಡಿಯಿಂದ ದಿನವೂ ತಿಕ್ಕಿದರೆ ವಿಗ್ರಹಗಳ ಸೂಕ್ಷ್ಮ ಕೆತ್ತನೆ ಸವೆದುಹೋಗುತ್ತದೆ.

ಕಲಾಯಿಗಾರನ ಕೈಚಳಕವೂ ರಸಾಯನವೇ. ಬಿಸಿಯಾದ ಪಾತ್ರೆಗೆ ಎರಚಿದ ನವಸಾಗರವು ವಿಭಜನೆ ಹೊಂದಿ ಹೈಡ್ರೋಜನ್ ಕ್ಲೋರೈಡನ್ನು ಬಿಡುತ್ತದೆ. ಅದು ಲೋಹದ ಕಿಟ್ಟವನ್ನು ಕಳೆದ ಮೇಲಷ್ಟೇ ತವರವು ಹರಡಿ ಹಿಡಿಯುತ್ತದೆ. ಬೆಳ್ಳಿಯ ಕರಡಿಗೆ ಕಪ್ಪಾಗುವುದು ಗಂಧಕದ ಸಂಯೋಗದಿಂದ. ಅಲ್ಯುಮಿನಿಯಂ ತಗಡಿನ ಮೇಲಿಟ್ಟು ಸೋಡ ಬೆರೆಸಿದ ಬಿಸಿನೀರನ್ನು ಸುರಿದರೆ ಗಂಧಕವು ಬೆಳ್ಳಿಯನ್ನು ಬಿಡುತ್ತದೆ, ಬೆಳ್ಳಿ ಸವೆಯುವುದಿಲ್ಲ.

ಶಕ್ತಿಯುಳ್ಳ ದ್ರವ್ಯಗಳಲ್ಲಿ ಅಪಾಯವೂ ಉಂಟು. ಚಲುವೆ ಪುಡಿಯನ್ನು ಆಮ್ಲದೊಡನೆ ಬೆರೆಸಿದರೆ ಕ್ಲೋರಿನ್ ವಿಷವಾಯು ಏಳುತ್ತದೆ; ಕಿಟಕಿಯಿಲ್ಲದ ಬಚ್ಚಲಿನಲ್ಲಿ ಅದು ಪ್ರಾಣಾಂತಿಕವಾಗಬಹುದು. ಕೊಳೆಯೊಡನೆ ಹರಿದುಹೋದ ದ್ರವ್ಯವೂ ನಾಶವಾಗುವುದಿಲ್ಲ. ಡಿಟರ್ಜೆಂಟಿನ ಫಾಸ್ಫೇಟುಗಳು ಕೆರೆಯಲ್ಲಿ ಪಾಚಿಯನ್ನು ಬೆಳೆಸುತ್ತವೆ. ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆಯು 2015ರಲ್ಲಿ ರಸ್ತೆಗೆ ಹಾರಿ ಬಂದುದನ್ನು ನಾಡೆಲ್ಲ ಕಂಡಿತು. ವೇದಾವತಿಗೆ 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರದ ನೀರನ್ನು ನಂಬಿ ಬಾಳುವ ಸೀಮೆಗೆ ಇದು ಅನ್ಯರ ಕಥೆಯಲ್ಲ.

ಶಾಲೆಯಲ್ಲಿ ಇದನ್ನು ಕಲಿಸಲು ದುಬಾರಿ ಉಪಕರಣ ಬೇಕಿಲ್ಲ. ಸಮಪ್ರಮಾಣದ ಮಳೆನೀರನ್ನೂ ಕೊಳವೆಬಾವಿ ನೀರನ್ನೂ ಎರಡು ಸೀಸೆಗಳಲ್ಲಿಟ್ಟು, ಸಾಬೂನಿನ ದ್ರಾವಣವನ್ನು ತೊಟ್ಟುತೊಟ್ಟಾಗಿ ಹಾಕಿ ಕುಲುಕಿ, ನೊರೆ ನಿಲ್ಲುವವರೆಗೆ ಎಣಿಸಿದರೆ ಸಾಕು. ಅನಂತರ ಬಾವಿನೀರಿಗೆ ಸೋಡ ಬೆರೆಸಿ ಮತ್ತೆ ಎಣಿಸಬೇಕು. ಸೂತ್ರರಚನೆಯ ನಿಯಮವೂ ಇದೇ: ಒಮ್ಮೆಗೆ ಒಂದನ್ನೇ ಬದಲಿಸುವುದು, ಬಟ್ಟೆಯ ಚೂರಿನ ಮೇಲೆ ಮೊದಲು ಪರೀಕ್ಷಿಸುವುದು, ಫಲವನ್ನು ಬರೆದಿಡುವುದು. ಕೊಳೆಯನ್ನು ಮಾತ್ರ ಕಳೆದು ವಸ್ತುವನ್ನೂ ಕೈಯನ್ನೂ ಕೆರೆಯನ್ನೂ ಉಳಿಸುವುದೇ ನಿಜವಾದ ಶುದ್ಧಿ.